ಎರೆ ಮಣ್ಣಿಗೆ ಬೇರೆ ಲೆಕ್ಕ

ಎಲ್ಲ ಗುಲಾಬಿಗೂ ದಿನವಿಡೀ ಬಿಸಿಲು ಬೇಕು, ದಿನಾ ನೀರು ಹಾಕಿ ಎಂದು ಗುಲಾಬಿ ಬೆಳೆಸುವ ಬಗ್ಗೆ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಬೆಂಗಳೂರಿಗೆ ಸರಿ ಇರಬಹುದು ಸರ್, ನಮ್ಮ ಕಲಬುರಗಿಗೆ ಆಗುವುದಿಲ್ಲ. ಮೇ ತಿಂಗಳಲ್ಲಿ ಇಲ್ಲಿ 40 ಡಿಗ್ರಿ ಮಾಮೂಲು. ಬೆಳಗಿನ ಬಿಸಿಲು ಐದಾರು ಗಂಟೆ ಸಿಕ್ಕರೆ ಸಾಕು, ಮಧ್ಯಾಹ್ನ ನೆರಳೇ ಬೇಕು.

ಇನ್ನು ನೀರು. ನಮ್ಮದು ಎರೆ ಮಣ್ಣು, ಅಂದರೆ ಕಪ್ಪು ಮಣ್ಣು. ಮೇಲೆ ಒಣಗಿದಂತೆ ಕಂಡರೂ ಒಳಗೆ ಹಸಿ ಇರುತ್ತದೆ. ದಿನಾ ಸುರಿದರೆ ಬೇರು ಕೊಳೆಯುತ್ತದೆ. ಕೆಂಪು ಮಣ್ಣು, ಮರಳು, ಚೆನ್ನಾಗಿ ಕೊಳೆತ ಕೊಟ್ಟಿಗೆ ಗೊಬ್ಬರ ಬೆರೆಸಿ ನೆಡುವುದೇ ವಾಸಿ. ಈ ಮಣ್ಣಿನಲ್ಲಿ ಸುಣ್ಣದ ಅಂಶ ಜಾಸ್ತಿ, ಹಾಗಾಗಿ ಗಿಡಕ್ಕೆ ಕಬ್ಬಿಣ ಸರಿಯಾಗಿ ಸಿಗುವುದಿಲ್ಲ. ಹೊಸ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದರೆ ಹೆಚ್ಚಾಗಿ ಇದೇ ಕಾರಣ. ಜನ ಸುಮ್ನೆ ಯೂರಿಯಾ ಹಾಕುತ್ತಾರೆ! ಅದರಿಂದ ಏನೂ ಆಗುವುದಿಲ್ಲ. ಕಬ್ಬಿಣದ ಅಂಶವಿರುವ ಫೆರಸ್ ಸಲ್ಫೇಟನ್ನು ಲೀಟರ್ ನೀರಿಗೆ 5 ಗ್ರಾಂ ಮೀರದಂತೆ ಕರಗಿಸಿ, ಸಂಜೆ ಹೊತ್ತು ಎಲೆಗೆ ಸಿಂಪಡಿಸಬೇಕು.

ನಿಮ್ಮ ಲೇಖನದ ಚಿತ್ರಗಳೆಲ್ಲ ಹೈಬ್ರಿಡ್ ಟೀ ಎಂಬ ಬಗೆಯ ಗುಲಾಬಿ. ಕಡ್ಡಿಗೊಂದು ದೊಡ್ಡ ಹೂ, ಚಂದವೇನೋ ಹೌದು. ಆದರೆ ಬೇಸಿಗೆಯಲ್ಲಿ ಹೂ ಚಿಕ್ಕದಾಗಿ ಎಸಳಿನ ಅಂಚು ಸುಡುತ್ತದೆ. ಗೊಂಚಲು ಹೂವಿನ ಫ್ಲೋರಿಬಂಡಾ ಬಗೆಯ ಗುಲಾಬಿ ಹಾಕಿದರೆ ಒಂದು ಹೂ ಬಾಡಿದರೂ ಗಿಡ ಬೋಳಾಗಿ ಕಾಣುವುದಿಲ್ಲ. ಪರಿಮಳದ ಪನ್ನೀರ್ ಗುಲಾಬಿಯನ್ನು ಪೂರ್ತಿ ಬಿಟ್ಟಿದ್ದೀರಲ್ಲ, ಯಾಕೆ? ಹೂ ಒಯ್ಯಲು ಬಂದೇ ನವಾಜ್ ದರ್ಗಾ, ಶರಣಬಸವೇಶ್ವರ ಗುಡಿ ಇರುವ ಊರಿನವರು ಕೇಳದೆ ಬಿಡುತ್ತಾರಾ?

ಗಿಡದ ಕೊಂಬೆ ಕತ್ತರಿಸಿ ಸವರುವುದು ಮಳೆ ನಿಂತ ಮೇಲೆ, ಅಕ್ಟೋಬರ್‌ನಲ್ಲಿ. ಸುಮಾರು 45 ದಿನಕ್ಕೆ ಹೂ ಬರುತ್ತದೆ. ಕಸಿ ಕಟ್ಟಿದ ಜಾಗದ ಗಂಟಿನ ಕೆಳಗೆ ಬರುವ ಚಿಗುರನ್ನು ಮಾತ್ರ ಕಂಡ ಕೂಡಲೇ ಕಿತ್ತುಹಾಕಿ.