ಆರು ತಿಂಗಳ ಲೆಕ್ಕ ಬಿಟ್ಟಿದ್ದೀರಿ

ಅಂತಾರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್ ಇದ್ದರೆ ಜರ್ಮನಿಯಲ್ಲಿ ಒಂದು ವರ್ಷ ಆರಾಮಾಗಿ ಕಾರು ಓಡಿಸಬಹುದು ಅಂತ ಬರೆದಿದ್ದೀರಿ. ಅಲ್ಲೇ ವಾಸಕ್ಕೆ ಹೋದವರಿಗೆ ಇದು ನಡೆಯಲ್ಲ ಸರ್. ವಾಸ ಶುರುವಾದ ಮೇಲೆ ನಮ್ಮ ಭಾರತದ ಲೈಸೆನ್ಸ್ ನಡೆಯೋದು ಸಾಮಾನ್ಯವಾಗಿ 6 ತಿಂಗಳು ಮಾತ್ರ. ಪರ್ಮಿಟ್ ಬರೀ ಆ ಲೈಸೆನ್ಸಿನ ಅನುವಾದ, ಅದೇ ಒಂದು ಲೈಸೆನ್ಸ್ ಅಲ್ಲ.

ಜಪಾನ್, ದಕ್ಷಿಣ ಕೊರಿಯಾದವರು ಕಾರಿನ ಲೈಸೆನ್ಸನ್ನು ಪರೀಕ್ಷೆ ಇಲ್ಲದೆ ಬದಲಿಸಿಕೊಳ್ಳುತ್ತಾರೆ. ಹಾಗೆ ಬದಲಿಸಿಕೊಳ್ಳಬಹುದಾದ ದೇಶಗಳ ಪಟ್ಟಿಯಲ್ಲಿ ಭಾರತ ಇಲ್ಲ. ಹಾಗಾಗಿ ಕಣ್ಣಿನ ಪರೀಕ್ಷೆ, ಪ್ರಥಮ ಚಿಕಿತ್ಸೆ ತರಬೇತಿ, ಥಿಯರಿ, ಆಮೇಲೆ ರಸ್ತೆ ಪರೀಕ್ಷೆ, ಎಲ್ಲಾ ಬೇಕು. ಒಂದೇ ಸಮಾಧಾನ ಅಂದ್ರೆ ಹೊಸಬರ ಹಾಗೆ ಇಂತಿಷ್ಟು ಕ್ಲಾಸ್ ಕಡ್ಡಾಯ ಇಲ್ಲ, ಥಿಯರಿಯನ್ನು ಇಂಗ್ಲಿಷ್‌ನಲ್ಲೂ ಬರೆಯಬಹುದು. ಆದರೂ ನಾಲ್ಕು ಕ್ಲಾಸ್ ತಗೊಳ್ಳೋದೇ ವಾಸಿ. ನಮ್ಮ ಅಕ್ಕನ ಮಗ ರಾಯಚೂರಿನ ತೀನ್ ಕಂದೀಲ್ ಸರ್ಕಲ್‌ನಲ್ಲಿ ಹಾರ್ನ್ ಹೊಡ್ಕೊಂಡು ಓಡಿಸಿದವನು, ಜರ್ಮನಿಯಲ್ಲಿ ಬೋರ್ಡ್ ಇಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರೋ ಗಾಡಿಗೆ ಮೊದಲು ದಾರಿ ಬಿಡಬೇಕು ಅನ್ನೋದನ್ನ ಮರೆತು ಫೇಲಾದ. ಗಾಡಿ ಓಡಿಸೋದು ಬರುತ್ತೆ ಅಂದ್ರೆ ಸಾಕಾಗಲ್ಲ, ಅಲ್ವಾ?

ಇನ್ನೊಂದು ವಿಷಯ. ನಮ್ಮ ಕಡೆ ಇನ್ನೂ ಕೆಲವರ ಹತ್ತಿರ ಹಳೇ ಪುಸ್ತಕದ ಲೈಸೆನ್ಸೇ ಇದೆ. ರಾಯಚೂರು, ಕೊಪ್ಪಳ ಎಲ್ಲಿಯವರೇ ಆಗಲಿ, ವಿಮಾನ ಹತ್ತೋ ಮೊದಲೇ ಆರ್‌ಟಿಒಗೆ ಹೋಗಿ ಕಾರ್ಡ್ ಮಾಡಿಸಿಕೊಳ್ಳಿ, ಸಾರಥಿ ಪೋರ್ಟಲ್‌ನಲ್ಲಿ (ಲೈಸೆನ್ಸ್ ಕೆಲಸದ ಸರ್ಕಾರಿ ವೆಬ್‌ಸೈಟ್) ಹೆಸರು ಪಾಸ್‌ಪೋರ್ಟ್‌ನಲ್ಲಿರೋ ಹಾಗೇ ಇದೆಯಾ ನೋಡಿ. ಇನಿಶಿಯಲ್ ಬಿಡಿಸಿ ಬರೆದಿಲ್ಲ ಅಂದ್ರೂ ಜರ್ಮನಿಯ ಲೈಸೆನ್ಸ್ ಆಫೀಸಿನವರು ಪ್ರಶ್ನೆ ಎತ್ತುತ್ತಾರೆ.