ಕಡಿದು ಉಳಿಸುವ ಕಾಡು

ಕಾಡು ಉಳಿಯಬೇಕಾದರೆ ಕೊಡಲಿ ತಾಗಬಾರದು ಎಂದೇ ನಾವೆಲ್ಲ ಶಾಲೆಯಲ್ಲಿ ಕಲಿತವರು. ಜಪಾನಿನ ಸೈತಾಮಾದಲ್ಲಿ ನೆಲೆಸಿದ ಮೇಲೆ ಆ ಪಾಠ ಅರ್ಧವೇ ಸರಿ ಎನಿಸುತ್ತಿದೆ.

ಊರು, ಹೊಲ, ಕಾಡು ಒಂದಕ್ಕೊಂದು ಹೆಣೆದುಕೊಂಡ ನೆಲಕ್ಕೆ ಇಲ್ಲಿ ಸತೋಯಾಮಾ ಎನ್ನುತ್ತಾರೆ. ಕೊನಾರಾ, ಕುನುಗಿ ಎಂಬ ಓಕ್ ಮರಗಳನ್ನು 15–20 ವರ್ಷಕ್ಕೊಮ್ಮೆ ಬುಡಕ್ಕೆ ಕಡಿದು ಸೌದೆ, ಇದ್ದಿಲು ಮಾಡುತ್ತಿದ್ದರು. ಮೋಟಿನಿಂದ ಒತ್ತಾಗಿ ಚಿಗುರುವ ಟಿಸಿಲುಗಳಲ್ಲಿ ಎರಡು ಮೂರನ್ನು ಬಿಟ್ಟು ಉಳಿದವನ್ನು ಸವರಿದರೆ ಮತ್ತೆ ಕಾಡು. 1950–60ರ ದಶಕಗಳಲ್ಲಿ ಗ್ಯಾಸು, ಸೀಮೆಎಣ್ಣೆ, ರಾಸಾಯನಿಕ ಗೊಬ್ಬರ ಬಂದವು. ಕಾಡಿನ ಕೆಲಸ ನಿಂತಿತು. ಕುಳ್ಳ ಬಿದಿರು ನೆಲ ಮುಚ್ಚಿತು. ವಸಂತದ ಬಿಸಿಲಿಗೆ ಅರಳುವ ಕತಾಕುರಿ ಹೂವಿಗೆ ಬೆಳಕಿಲ್ಲದಾಯಿತು. ಬಲಿತು ದಪ್ಪವಾದ ಓಕ್‌ಗಳಿಗೆ ಕೊರೆಯುವ ದುಂಬಿ ಹೊತ್ತು ತರುವ ಶಿಲೀಂಧ್ರ ತಗುಲಿ ಮರಗಳೇ ಒಣಗತೊಡಗಿದವು.

ಸೈತಾಮಾದ ಸಾಂತೋಮೆ ಭಾಗದಲ್ಲಿ ಆ ಕೆಲಸ ಪೂರ್ತಿ ನಿಂತಿಲ್ಲ. 1690ರ ದಶಕದಲ್ಲಿ ಕವಾಗೊಯೆಯ ಪ್ರಭು ಯಾನಗಿಸಾವಾ ಇಲ್ಲಿ ರೈತರನ್ನು ತಂದು ನೆಲೆಗೊಳಿಸಿದಾಗ ಪ್ರತಿ ಕುಟುಂಬಕ್ಕೂ ಉದ್ದನೆಯ ಪಟ್ಟಿ ಸಿಕ್ಕಿತು: ರಸ್ತೆ ಬದಿಗೆ ಮನೆ, ನಡುವೆ ಹೊಲ, ಹಿಂದೆ ಕಾಡು. ಈಗಲೂ ಚಳಿಗಾಲದಲ್ಲಿ ಬಿದಿರಿನ ಕುಂಟೆಯಿಂದ ತರಗೆಲೆ ಬಳಿಯುತ್ತಾರೆ. ಆಳೆತ್ತರದ ಬುಟ್ಟಿಗೆ ತುಂಬಿ, ಒಳಗಿಳಿದು ತುಳಿದು ಒತ್ತುತ್ತಾರೆ. ಆ ಎಲೆಗೊಬ್ಬರ ಗೆಣಸಿನ ಹೊಲಕ್ಕೆ. 2023ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಇದಕ್ಕೆ ವಿಶ್ವ ಕೃಷಿ ಪರಂಪರೆಯ ಮನ್ನಣೆ ಕೊಟ್ಟಿತು. ಆದರೂ ಪಿತ್ರಾರ್ಜಿತ ತೆರಿಗೆ ಕಟ್ಟಲು ಕಾಡಿನ ತುಂಡು ಮಾರುವವರಿದ್ದಾರೆ. ಮನ್ನಣೆಯೊಂದೇ ಕಾಡು ಕಾಯುವುದಿಲ್ಲ.

ನನಗೆ ಹೆಚ್ಚು ಹಿಡಿಸಿದ್ದು ಮಕ್ಕಳನ್ನು ಈ ಕೆಲಸಕ್ಕೆ ಸೇರಿಸಿಕೊಳ್ಳುವ ಬಗೆ. ಅವರು ಎಲೆ ಬಳಿಯುತ್ತಾರೆ, ಗೊಬ್ಬರದ ರಾಶಿ ಕೆದಕುತ್ತಾರೆ. ಒಳಗಿನ ಬಿಸಿಯಲ್ಲಿ ಕೊಂಬಿನ ದುಂಬಿಯ ದಪ್ಪ ಬಿಳಿ ಹುಳು ಸುರುಳಿಯಾಗಿ ಮಲಗಿರುತ್ತದೆ. ಅದನ್ನು ಅಂಗೈ ಮೇಲಿಟ್ಟುಕೊಂಡ ಮಗುವಿಗೆ ಕಾಡಿನ ಪಾಠ ಬೇರೆ ಬೇಕಿಲ್ಲ.

ನಮ್ಮ ಮಲೆನಾಡಿಗೆ ಇದೇನೂ ಹೊಸದಲ್ಲ. ಶಿರಸಿ, ಸಿದ್ದಾಪುರದ ಕಡೆ ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆವರೆಗೂ ಸೊಪ್ಪಿನ ಬೆಟ್ಟದ, ಅಂದರೆ ತೋಟಕ್ಕೆ ಸೊಪ್ಪು ತರುವ ಕಾಡಿನ, ಸವಲತ್ತು ಇದೆ. ಸೊಪ್ಪು, ದರಕು (ತರಗೆಲೆ) ಕೊಟ್ಟಿಗೆಗೆ, ಅಲ್ಲಿಂದ ತೋಟಕ್ಕೆ. ಕೆಲವು ಬೆಟ್ಟಗಳು ದಟ್ಟವಾಗಿವೆ, ಕೆಲವು ಸೊಪ್ಪು ಸವರಿ ಸವರಿ ಬೋಳಾಗಿವೆ. ಜಪಾನಿನಲ್ಲಿ ಕೈ ಬಿಟ್ಟು ಕೆಟ್ಟಿತು. ನಮ್ಮಲ್ಲಿ ಎಷ್ಟೋ ಕಡೆ ಅಂಕೆಯಿಲ್ಲದೆ ಕೈ ಹಾಕಿ ಕೆಟ್ಟಿದೆ. ಹಾಗಾಗಿ ಅವರ ಕ್ರಮವನ್ನು ಹಾಗೇ ಎತ್ತಿ ತರಲಾಗದು. ಓಕ್‌ನಂತೆ ಮತ್ತಿ, ನಂದಿಯನ್ನೆಲ್ಲ ಬುಡಕ್ಕೆ ಕಡಿಯಿರಿ ಎಂದು ನಾನು ಹೇಳುತ್ತಿಲ್ಲ.

ಆದರೆ ಶಾಲೆಗಳು ವನಮಹೋತ್ಸವದಲ್ಲಿ ಸಸಿ ನೆಟ್ಟು ಫೋಟೋ ತೆಗೆದಲ್ಲಿಗೆ ನಿಲ್ಲಬಾರದು. ಊರಿನ ಒಬ್ಬ ರೈತರ ಬೆಟ್ಟದಲ್ಲಿ ಒಂದು ಮೂಲೆಯನ್ನು ಮಕ್ಕಳಿಗೆ ವರ್ಷವಿಡೀ ಬಿಟ್ಟುಕೊಡಲಿ. ದರಕು ಗುಡಿಸಲಿ, ಯಾವ ಮರದ ಸೊಪ್ಪನ್ನು ಎಷ್ಟು ಕೊಯ್ದರೆ ಮತ್ತೆ ಚಿಗುರುತ್ತದೆ ಎಂದು ಬರೆದಿಡಲಿ, ಕೊಯ್ಯದ ಮರದ ಪಕ್ಕದಲ್ಲೇ ನೋಡಲಿ. ಟೊಂಗೆಯ ತುದಿ ಬಿಟ್ಟು ಸೊಪ್ಪು ಕಡಿಯಬಲ್ಲ ಹಿರಿಯರು ಇನ್ನೂ ಊರಲ್ಲಿದ್ದಾರೆ. ಮುಂದಿನ ಜೂನ್‌ನಲ್ಲಿ ಸಸಿಗಳ ಜೊತೆ ಅವರನ್ನೂ ಶಾಲೆಗೆ ಕರೆಸಿ.