ಚಳಿಗೊಂದು ಡಿಗ್ರಿ, ಜ್ವರಕ್ಕೊಂದು ಡಿಗ್ರಿ

ಮಡಿಕೇರಿಯಲ್ಲಿ ಜನವರಿ ಬೆಳಗ್ಗೆ 12 ಡಿಗ್ರಿ ಅಂದರೆ ಸ್ವೆಟರ್ ಹುಡುಕುತ್ತೇವೆ. ಮಗುವಿಗೆ 102 ಡಿಗ್ರಿ ಅಂದರೆ ಡಾಕ್ಟರ ಹತ್ತಿರ ಓಡುತ್ತೇವೆ. ಯಾವ ಡಿಗ್ರಿ ಅಂತ ಯಾರೂ ಹೇಳುವುದಿಲ್ಲ, ಯಾರೂ ಕೇಳುವುದೂ ಇಲ್ಲ. ಚಳಿ ಸೆಲ್ಸಿಯಸ್ಸಿನದು, ಜ್ವರ ಫ್ಯಾರನ್‌ಹೀಟಿನದು. ಅಷ್ಟೇ.

ಕೊಡಗಿನವರಿಗೆ ಇದೇನು ಹೊಸದಲ್ಲ. ಮೆಟ್ರಿಕ್ ಪದ್ಧತಿಯ ಕಾನೂನು ಬಂದದ್ದು 1956ರಲ್ಲಿ. ತೋಟದ ಮಳೆ ಮಾತ್ರ ಇವತ್ತಿಗೂ ಬೀಳುವುದು ಇಂಚು, ಸೆಂಟಿನಲ್ಲಿ. ನೂರು ಸೆಂಟಿಗೆ ಒಂದು ಇಂಚು. ಕಾಫಿಗೆ ಹೂಮಳೆ ಬಿದ್ದ ಮಾರನೇ ದಿನ ಫೋನಿನಲ್ಲಿ ಮೊದಲು ಕೇಳುವುದೇ "ನಿಮ್ಮಲ್ಲಿ ಎಷ್ಟು ಸೆಂಟ್?" ಎಂದು. "ಹನ್ನೆರಡೂವರೆ ಮಿಲಿಮೀಟರ್" ಅಂದು ನೋಡಿ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಅಂದ್ರೆ ಅರ್ಧ ಇಂಚಾ?" ಜಾಗ ಅಳೆಯುವುದಕ್ಕೂ ಇಲ್ಲಿ ಸೆಂಟೇ. ಮಳೆಯ ಸೆಂಟು, ಜಾಗದ ಸೆಂಟು ಯಾರಿಗೂ ಗೊಂದಲವಾದದ್ದು ಕಾಣೆ.

ಇಂಚನ್ನಾದರೆ ಗುಣಿಸಿ ಮುಗಿಸಬಹುದು. ಡಿಗ್ರಿಯಲ್ಲಿ ಸೊನ್ನೆಯೇ ಬೇರೆ ಬೇರೆ ಕಡೆ ಕೂತಿದೆ. ಫ್ಯಾರನ್‌ಹೀಟ್ 1724ರಲ್ಲಿ ಪ್ರಕಟಿಸಿದ ಅಳತೆಯಲ್ಲಿ ಮಂಜುಗಡ್ಡೆ, ನೀರು, ನವಸಾಗರ ಎಂಬ ಲವಣ ಬೆರೆಸಿದಾಗ ಸಿಗುವ ಚಳಿಗೆ ಸೊನ್ನೆ, ಬರೀ ಮಂಜುಗಡ್ಡೆ ನೀರಿಗೆ 32. ಸೆಲ್ಸಿಯಸ್ 1742ರಲ್ಲಿ ಇನ್ನೂ ವಿಚಿತ್ರ ಮಾಡಿದ್ದ. ಕುದಿಯುವ ನೀರಿಗೆ ಸೊನ್ನೆ, ಹೆಪ್ಪುಗಟ್ಟುವ ನೀರಿಗೆ ನೂರು! ಅವನು ತೀರಿಕೊಂಡ ಮೇಲೆ ಅದನ್ನು ತಿರುಗಿಸಿದರು. ಇಲ್ಲದಿದ್ದರೆ ನಮ್ಮ ಜನವರಿ ಬೆಳಗ್ಗೆ 88 ಡಿಗ್ರಿ ಆಗುತ್ತಿತ್ತು.

ಆ ನೂರು ಕೂಡ ನಮಗೆ ಸಿಗುವುದಿಲ್ಲ ಅನ್ನಿ. ನೀರು ನೂರಕ್ಕೆ ಕುದಿಯುವುದು ಸಮುದ್ರಮಟ್ಟದಲ್ಲಿ. ಸಾವಿರ ಮೀಟರಿಗಿಂತ ಮೇಲಿರುವ ಮಡಿಕೇರಿಯಲ್ಲಿ ಗಾಳಿಯ ಒತ್ತಡ ಕಡಿಮೆ, ಸುಮಾರು 96ಕ್ಕೇ ಕುದಿ ಬರುತ್ತದೆ. ಮಂಗಳೂರಿನಿಂದ ಬಂದ ನೆಂಟರಿಗೆ ಕಾಫಿ ಬಿಸಿ ಸಾಲದು ಅನ್ನಿಸಿದರೆ ಪುಸ್ತಕದ ಪ್ರಕಾರ ಒಂದು ನೆಪವಂತೂ ಇದೆ.

ಲೆಕ್ಕ ಹಾಕುವುದು ಕಷ್ಟವೇನಲ್ಲ. ಸೆಲ್ಸಿಯಸ್ಸನ್ನು ಎರಡರಷ್ಟು ಮಾಡಿ, ಬಂದದ್ದರಲ್ಲಿ ಹತ್ತನೇ ಒಂದು ಪಾಲು ಕಳೆದು, 32 ಸೇರಿಸಿ. 20 ಇದ್ದರೆ 40, ನಾಲ್ಕು ಹೋಗಿ 36, ಒಟ್ಟು 68. ಅಂದಾಜಲ್ಲ, ಇದೇ ಸರಿಯಾದ ಉತ್ತರ. ಎಡವುವುದು ವ್ಯತ್ಯಾಸದ ಮಾತು ಬಂದಾಗ. ಅಮೆರಿಕದಲ್ಲಿರುವ ಮಗಳು "ನಿನ್ನೆಗಿಂತ ಇವತ್ತು 18 ಡಿಗ್ರಿ ಕಮ್ಮಿ ಅಮ್ಮಾ" ಅಂದರೆ ಗಾಬರಿ ಬೇಡ. ಅವಳದು ಫ್ಯಾರನ್‌ಹೀಟ್ ಡಿಗ್ರಿ, ವ್ಯತ್ಯಾಸಕ್ಕೆ 32ರ ಗೊಡವೆಯೇ ಇಲ್ಲ. 1.8ರಿಂದ ಭಾಗಿಸಿದರೆ ಬರೀ ಹತ್ತು.

ಜ್ವರಕ್ಕೆ ಮಾತ್ರ ನನ್ನ ಓಟು ಫ್ಯಾರನ್‌ಹೀಟಿಗೇ. ನೂರು ದಾಟಿತು ಅಂದರೆ ಮನೆಮಂದಿ ಎದ್ದು ನಿಲ್ಲುತ್ತಾರೆ. ಅದನ್ನೇ 37.8 ಅಂದರೆ ಯಾರು ಕೇಳುತ್ತಾರೆ? ಈಗಿನ ಕೆಲವು ಡಿಜಿಟಲ್ ಥರ್ಮಾಮೀಟರಿನಲ್ಲಿ ಬಟನ್ ಒತ್ತಿದರೆ ಅಳತೆಯೇ ಬದಲಾಗುತ್ತದೆ. ಮಕ್ಕಳ ಕೈಗೆ ಸಿಕ್ಕರೆ ಕೇಳಬೇಕೇ? ಆಮೇಲೆ ಅಜ್ಜಿ ಕನ್ನಡಕ ಹಾಕಿಕೊಂಡು 39 ಅಂತ ಓದುತ್ತಾರೆ. "ಇದರ ಬ್ಯಾಟರಿ ಹೋಗಿದೆ. ಅಂಗಡಿಗೆ ಹೋಗುವಾಗ ಒಂದು ತನ್ನಿ."